ಬಾಯಿತಪ್ಪಿ ಕೇಳಿದ ವೋಟು

ಬರಾನಿಕೊ ತನ್ನ ಮನಸ್ಸು ಹೇಳಲು ಬಂದವನು ನನ್ನ ವೋಟು ಕೇಳಿಕೊಂಡು ಹೋದ. ಮೂವತ್ತೆಂಟು ವರ್ಷದ ಹಿಂದಿನ ಮಾತು. ಈಗ ನೆನೆದರೂ ನಗು ಬರುತ್ತದೆ, ನಗುತ್ತಲೇ ಕಣ್ಣು ಒದ್ದೆಯಾಗುತ್ತದೆ.

ಆಗ ನನಗೆ ಇಪ್ಪತ್ತೊಂದು. ನಮ್ಮ ಒನೊಟೋವ ದ್ವೀಪದಲ್ಲಿ ಪಾರ್ಲಿಮೆಂಟ್ ಚುನಾವಣೆಯ ಎರಡನೇ ಸುತ್ತು. ಕಣದಲ್ಲಿ ಉಳಿದವರು ಇಬ್ಬರೇ. ಒಬ್ಬ ನಮ್ಮಪ್ಪ ಯೊತೇಬ, ಇನ್ನೊಬ್ಬ ಬರಾನಿಕೊನ ಸೋದರಮಾವ ಕಬೂತ. ಪಕ್ಷ ಗಿಕ್ಷ ಎಲ್ಲ ನಮ್ಮ ಕಡೆ ಯಾರು ಕೇಳುತ್ತಾರೆ? ಯಾರಿಗೆ ಎಷ್ಟು ಜನ ನೆಂಟರು ಅನ್ನುವುದೇ ಮುಖ್ಯ.

ಬರಾನಿಕೊ ನಮ್ಮ ಮನೆ ಹಿಂದಿನ ತೆಂಗಿನ ಮರಗಳಲ್ಲಿ ಬೆಳಗ್ಗೆ ಸಂಜೆ ನೀರಾ ಇಳಿಸುತ್ತಿದ್ದ. ಮರ ಹತ್ತಿದ ಗಂಡಸರು ತುದಿಯಲ್ಲಿ ಕೂತು ಹಾಡಬೇಕು. ಮೇಲೆ ಜನ ಇದ್ದಾರೆ ಅಂತ ಕೆಳಗೆ ಸ್ನಾನ ಮಾಡುವ ಹೆಂಗಸರಿಗೆ ಗೊತ್ತಾಗಬೇಕಲ್ಲ! ಚುನಾವಣೆ ಬಂದ ಮೇಲೆ ಇವನು ಮಾವನ ಪ್ರಚಾರದ ಹಾಡನ್ನೇ ಶುರುಮಾಡಿದ. ಕಬೂತ ಗೆದ್ದರೆ ದೋಣಿ ನಿಲ್ಲಲು ಹೊಸ ಜೆಟ್ಟಿ, ಕಬೂತ ಗೆದ್ದರೆ ಹೊಸ ಶಾಲೆ. ಬಾಯಿ ಜೆಟ್ಟಿ ಕಟ್ಟುತ್ತಿದ್ದರೆ ಕಣ್ಣು ಮಾತ್ರ ನಮ್ಮ ಮನೆಯ ಗೋಡೆಯಿಲ್ಲದ ಅಟ್ಟಣೆಯ ಮೇಲೆ, ನಾನು ಚಾಪೆ ಹೆಣೆಯುವ ಕಡೆಗೆ.

"ಜೆಟ್ಟಿ ಆಮೇಲೆ ಕಟ್ಟು, ಮೊದಲು ಕಾಲು ಭದ್ರವಾಗಿ ಇಟ್ಕೋ. ಬಿದ್ದೀಯ!" ಅಂತ ನಾನು ಕೂಗುತ್ತಿದ್ದೆ.

"ಬಿದ್ದರೆ ನಿಮ್ಮನೆ ಅಂಗಳಕ್ಕೇ ತಾನೆ?"

"ಹೌದು, ಹಂದಿ ಕಟ್ಟಿರೋ ಜಾಗಕ್ಕೆ."

ಅವನ ನಗು ಮರದಿಂದ ಇಳಿದು ಬರುತ್ತಿತ್ತು. ನಾನು ತಲೆ ತಗ್ಗಿಸಿ ಹೆಣೆದದ್ದನ್ನೇ ಬಿಚ್ಚಿ ಮತ್ತೆ ಹೆಣೆಯುತ್ತಿದ್ದೆ.

ಒಂದು ಮಧ್ಯಾಹ್ನ ಅವನು ಕೂದಲಿಗೆ ಎಣ್ಣೆ ಹಚ್ಚಿ, ಕಿವಿಗೆ ಬಿಳಿ ಹೂ ಸಿಕ್ಕಿಸಿಕೊಂಡು ನಮ್ಮ ಅಟ್ಟಣೆಯ ಹತ್ತಿರ ಬಂದು ನಿಂತ. ಹಾಡದೆ, ನಗದೆ ನಿಂತ.

"ರಕೇರಾ, ನಿನ್ನ ಹತ್ತಿರ ಒಂದು ವಿಷಯ..."

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಮಲಗಿದ್ದ ತೆಬೋರ ಅತ್ತೆ, ಅಪ್ಪನ ತಂಗಿ, ಎದ್ದು ಕೂತಳು. "ಯಾರದು? ಎಣ್ಣೆ ವಾಸನೆ! ಏನಪ್ಪಾ ಬಂದೆ?"

ಬರಾನಿಕೊ ತಬ್ಬಿಬ್ಬಾದ. "ಬು... ಬುಬುಸಿ, ಅತ್ತೆ."

ಆ ಮಾತು ಕೇಳಿ ಅತ್ತೆ ನೆಟ್ಟಗಾದಳು. ಬುಬುಸಿ ಅಂದರೆ ಬರೀ ಕೇಳುವುದಲ್ಲ. ಆ ಪದ ಹೇಳಿ ಕೇಳಿದರೆ ಇಲ್ಲ ಅನ್ನುವಂತಿಲ್ಲ. ಸೈಕಲ್ಲಾಗಲಿ, ತೊಟ್ಟ ಅಂಗಿಯಾಗಲಿ, ಒಲೆ ಮೇಲಿನ ಮೀನಾಗಲಿ, ಕೊಡಲೇಬೇಕು.

"ಏನು ಬೇಕು?"

"ರಕೇರಾಳ..." ಅವನ ಕಿವಿಯ ಹೂ ಕೆಳಗೆ ಬಿತ್ತು. "ವೋಟು. ನಮ್ಮ ಮಾವನಿಗೆ."

"ಅಯ್ಯೋ ಮುಠ್ಠಾಳ! ಅಪ್ಪನ ವಿರುದ್ಧ ಮಗಳ ವೋಟು ಕೇಳ್ತಾರೇನೋ?"

"ಅಲ್ಲ ಅತ್ತೆ, ನಾನು ಕೇಳಬೇಕು ಅಂದಿದ್ದು ಅದಲ್ಲ, ಬೇಡ, ಬಿಡಿ..."

"ಬಾಯಿ ಮುಚ್ಚು. ಕೇಳಿ ಬೇಡ ಅಂದರೆ, ಈ ಮನೆಯವರಿಗೆ ಕೊಡೋ ಕೈ ಇಲ್ಲ ಅಂದ ಹಾಗೆ. ರಕೇರಾ, ಹೂಂ ಅನ್ನು."

ನಾನು ಹೂಂ ಅಂದೆ. ಅವನ ಮುಖ ನೋಡಬೇಕಿತ್ತು, ಇಂಗು ತಿಂದ ಮಂಗ. ನನಗೂ ಅಳುವುದೋ ನಗುವುದೋ ತಿಳಿಯಲಿಲ್ಲ.

ಸಂಜೆ ಅಪ್ಪ ಊಟಕ್ಕೆ ಕೂತಾಗ ಅತ್ತೆ ಎಲ್ಲ ಹೇಳಿಬಿಟ್ಟಳು. ಅಪ್ಪ ಮೀನಿನ ಮುಳ್ಳು ತೆಗೆದು ಪಕ್ಕಕ್ಕಿಟ್ಟ.

"ಕೊಟ್ಟಾಯ್ತಾ?"

"ಕೊಟ್ಟಾಯ್ತಪ್ಪ."

"ಹಾಗಾದರೆ ಹಾಕಿಬಿಡು ಮಗಳೇ. ಸೋತರೆ ಸೋತೆ. ಇಲ್ಲ ಅಂದ ಮನೆಯವನು ಅನ್ನಿಸಿಕೊಂಡು ಪಾರ್ಲಿಮೆಂಟಿಗೆ ಹೋಗಿ ಏನು ಮಾಡಲಿ?"

ವೋಟಿನ ದಿನ ಊರ ಚಾವಡಿಯಲ್ಲಿ ಕಬೂತನ ಹೆಸರಿಗೆ ಗುರುತು ಹಾಕಿದೆ. ಹೊರಗೆ ಬಂದಾಗ ಬರಾನಿಕೊ ಸಾಲಿನಲ್ಲಿ ನಿಂತಿದ್ದ. ನನ್ನ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಅವನ ಮೇಲೆ ಬಹಳ ಸಿಟ್ಟು ಬಂತು.

ಅಪ್ಪ ಗೆದ್ದ. ಒಂದೇ ಒಂದು ವೋಟಿನಿಂದ.

ಮರುದಿನವೇ ಮನೆ ಮುಂದೆ ಜನ. "ಆ ಒಂದು ವೋಟು ನಂದು ಯೊತೇಬಣ್ಣ," ಅಂತ ಒಬ್ಬೊಬ್ಬರಾಗಿ ಹದಿನೈದು ಮಂದಿ ಬಂದರು. ಒಬ್ಬನಿಗೆ ತಂಬಾಕು ಬೇಕು, ಇನ್ನೊಬ್ಬನಿಗೆ ಮಗನಿಗೆ ಹಡಗಿನಲ್ಲಿ ಕೆಲಸ ಬೇಕು. ಅಪ್ಪ ಎಲ್ಲರಿಗೂ ಟೀ ಕೊಟ್ಟು, ಎಲ್ಲರನ್ನೂ ನಂಬಿದಂತೆ ತಲೆಯಾಡಿಸಿದ.

ನನಗೆ ಮಾತ್ರ ಹಡಗಿನದೇ ಚಿಂತೆ. ಗೆದ್ದವರು ರಾಜಧಾನಿ ಟರಾವಕ್ಕೆ ಹೋಗಿ ಇರಬೇಕು. ಅಮ್ಮ ಇಲ್ಲದ ಅಪ್ಪನಿಗೆ ಅಡುಗೆ ಮಾಡಲು ನಾನು ಹೋಗಲೇಬೇಕು. ಹಡಗು ಹತ್ತು ದಿನಕ್ಕೆ ಬರುವುದಿತ್ತು.

ಆ ಹತ್ತು ದಿನ ಬರಾನಿಕೊ ಮರದ ಮೇಲೆ ಹಾಡಲೇ ಇಲ್ಲ. ಸ್ನಾನದ ಹೆಂಗಸರು ಬೈದರೂ ಹಾಡಲಿಲ್ಲ. ಅವನು ಒಂದು ಮಾತು ಕೇಳಿದ್ದರೆ ನಾನು ಉಳಿಯುತ್ತಿದ್ದೆ. ಅದು ಅವನಿಗೂ ಗೊತ್ತು. ನಾನು ದಿನಾ ಅಟ್ಟಣೆಯ ಮೇಲೆ ಕೂತು ಕಾದೆ. ಅವನು ನೀರಾ ಇಳಿಸಿಕೊಂಡು, ನೆಲ ನೋಡುತ್ತಾ ಹೋಗಿಬಿಡುತ್ತಿದ್ದ.

ಹೊರಡುವ ಬೆಳಗ್ಗೆ ಹಡಗು ಹವಳದ ದಿಬ್ಬದ ಆಚೆ ನಿಂತಿತ್ತು. ಸಾಮಾನೆಲ್ಲ ದೋಣಿಗೆ ಹೋಗಿತ್ತು. ಬರಾನಿಕೊ ನೀರಾ ಕಾಯಿಸಿದ ಜೋನಿಬೆಲ್ಲದ ಬಾಟಲಿ ಹಿಡಿದು ದಡಕ್ಕೆ ಬಂದ.

"ದಾರಿಗೆ," ಅಂದ.

"ಹತ್ತು ದಿನ ಕಾದೆ," ಅಂದೆ. "ಬೇಡದ ವೋಟು ಕೇಳೋಕೆ ಬಾಯಿ ಬಂತು. ನನ್ನನ್ನ ಉಳಿ ಅಂತ ಕೇಳೋಕೆ ಬರಲಿಲ್ವಾ?"

"ಕೇಳಿದರೆ ನೀನು ಇಲ್ಲ ಅನ್ನೋ ಹಾಗಿಲ್ಲ."

"ಅದಕ್ಕೇ ಕೇಳಬೇಕಿತ್ತು!"

"ಅದಕ್ಕೇ ಕೇಳಲಿಲ್ಲ. ಆಮೇಲೆ ಜೀವಮಾನವಿಡೀ ನಿನ್ನ ಮುಖ ನೋಡ್ತಾ, ಇವಳು ಮನಸ್ಸಿಂದ ಬಂದಳಾ, ಮಾತಿಗೆ ಕಟ್ಟುಬಿದ್ದು ಬಂದಳಾ ಅಂತ ಯೋಚಿಸ್ತಾ ಕೂರಲಾ? ನಿನ್ನ ಕೈಯಿಂದ ಒಂದು ಸಲ ಕಿತ್ಕೊಂಡಿದ್ದೇ ಸಾಕು."

"ಆ ವೋಟಾ?"

"ಅದನ್ನ ವಾಪಸ್ ಹಾಕಿದೀನಿ."

"ಎಲ್ಲಿಗೆ?"

"ನಿಮ್ಮಪ್ಪನ ಹೆಸರಿಗೆ. ನನ್ನ ವೋಟು."

ಅಪ್ಪ ಗೆದ್ದದ್ದು ಒಂದೇ ವೋಟಿನಿಂದ.

"ಅಪ್ಪ ಗೆದ್ದರೆ ನಾನು ಹೋಗಿಬಿಡ್ತೀನಿ ಅಂತ ಗೊತ್ತಿರಲಿಲ್ವಾ ನಿಂಗೆ?"

"ಗೊತ್ತಿತ್ತು."

"ಗೊತ್ತಿದ್ದೂ?"

"ಆ ವೋಟು ನಿಮ್ಮಪ್ಪನದು, ರಕೇರಾ. ನಂದಲ್ಲ."

ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡಲಿಲ್ಲ. ಎಲ್ಲರೂ ನೋಡುತ್ತಿದ್ದರು. ಬಾಟಲಿಯನ್ನು ಮರಳ ಮೇಲಿಟ್ಟು ನೆಟ್ಟಗೆ ನಿಂತೆ.

"ಬರಾನಿಕೊ, ಬುಬುಸಿ."

ಅವನು ಬೆಚ್ಚಿಬಿದ್ದ. "ಏನು ಬೇಕು?"

"ನೀನು."

ಅವನ ಕಿವಿ ಕೆಂಪಾಯಿತು. ತುಟಿ ಒಂದು ಕಡೆ ನಗಲು ಹೊರಟು, ಇನ್ನೊಂದು ಕಡೆ ಅಳಲು ಹೊರಟಿತು. "ಇಲ್ಲ ಅನ್ನೋ ಹಾಗಿಲ್ವಲ್ಲ," ಅಂದ.

"ಇಲ್ಲ."

"ಸದ್ಯ!" ಅಂದ, ಎಂಥದೋ ದೊಡ್ಡ ಹೊರೆ ಇಳಿಸಿದವನ ಹಾಗೆ.

ಅಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದ. ಅವನಿಗೆ ಅಡುಗೆ ಮಾಡುವವರು ಯಾರು ಎಂದು ನಾನು ಬಾಯಿ ಬಿಡುವಷ್ಟರಲ್ಲಿ ತೆಬೋರ ಅತ್ತೆ ತನ್ನ ಗಂಟನ್ನು ದೋಣಿಗೆ ಎಸೆದಳು. "ನಾನು ಬರ್ತೀನಣ್ಣ. ಸಾಯೋದರೊಳಗೆ ಟರಾವ ನೋಡಬೇಡ್ವಾ?"

ಅಪ್ಪ ಬರಾನಿಕೊನ ಹತ್ತಿರ ಬಂದು ಅವನ ತಲೆಯ ಮೇಲೆ ಕೈಯಿಟ್ಟ. ನಮ್ಮ ಮಾತು ಕೇಳಿಸಿಕೊಂಡಿದ್ದನೋ, ತಾನೇ ಊಹಿಸಿದ್ದನೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಆ ಒಂದು ವೋಟು ನಂದು ಅಂತ ಹದಿನೈದು ಜನ ಬಂದರು," ಅಂದ. "ನೀನು ಯಾಕೋ ಬರಲಿಲ್ಲ?"

ಅದಾದ ಮೇಲೆ ಮೂವತ್ತೇಳು ವರ್ಷ ನಾನು ಅವನ ಹತ್ತಿರ ಬುಬುಸಿ ಅಂತ ಏನನ್ನೂ ಕೇಳಲಿಲ್ಲ. ಕೇಳುವ ಮೊದಲೇ ತಂದಿಡುತ್ತಿದ್ದ. ಮೀನು ತರುತ್ತಿದ್ದ, ನೀರಾ ತರುತ್ತಿದ್ದ, ಮುನಿಸಿಕೊಂಡ ದಿನ ಕಿವಿಗೆ ಹೂ ತರುತ್ತಿದ್ದ. ಹೋದ ವರ್ಷ ಅವನು ಇದೇ ಅಟ್ಟಣೆಯ ಮೇಲೆ ಕಾಯಿಲೆ ಬಿದ್ದಿದ್ದಾಗ ಒಂದೇ ಒಂದು ಸಲ ಕೇಳಿದೆ. ಬುಬುಸಿ ಬರಾನಿಕೊ, ಹೋಗಬೇಡ.

ಅದೊಂದನ್ನು ಮಾತ್ರ ಅವನು ಕೊಡಲಿಲ್ಲ.