ಮೂವತ್ತೆರಡನೆಯ ಗೆಲುವು

೧೯೬೧ರ ಹೊತ್ತಿಗೆ ಹೊಳೆನರಸೀಪುರದ ನಮ್ಮ ಬಾಲ್ ಬ್ಯಾಡ್ಮಿಂಟನ್ ತಂಡ ಸತತವಾಗಿ ಮೂವತ್ತೊಂದು ಪಂದ್ಯ ಗೆದ್ದಿತ್ತು. ಅಂಕದ ಪುಸ್ತಕ ಬರೆಯುತ್ತಿದ್ದವಳು ನಾನು. ಯಾರ ಸರ್ವಿಸ್‌ನಲ್ಲಿ ಅಂಕ ಬಂತೋ ಅವರ ಹೆಸರಿನೆದುರು ಗೀಟು ಹಾಕುವುದು ನಮ್ಮ ಕ್ರಮ.

ಐವರಲ್ಲಿ ನಡುವೆ ಆಡುತ್ತಿದ್ದ ಕೆಂಚಯ್ಯ ಜ್ವರದಿಂದ ತೀರಿಕೊಂಡ. ಹದಿನೈದನೇ ದಿನ ಚನ್ನರಾಯಪಟ್ಟಣದಲ್ಲಿ ಪಂದ್ಯ.

"ಸೋತ್ರೂ ಸರಿ ಕಣಕ್ಕಾ, ಅವನ ಜಾಗಕ್ಕೆ ಇನ್ನೊಬ್ಬನ್ನ ನಿಲ್ಲಿಸಾಕಿಲ್ಲ," ಎಂದ ನಮ್ಮ ನಾಯಕ ತಮ್ಮಯ್ಯ. ನಾಲ್ವರೇ ಇಳಿದರು.

ಎದುರು ತಂಡದ ನಂಜಪ್ಪ ಬಲೆಯ ಹತ್ತಿರ ಬಂದು, "ಆ ಜಾಗಕ್ಕೆ ನಾವು ಬೇಕಂತ ಹೊಡೆಯಾಕಿಲ್ಲ ಬುಡ್ಲಾ," ಎಂದ. ಆ ಮಾತನ್ನು ನಾನು ಮರೆತಿಲ್ಲ.

ಆದರೂ ಗಾಳಿಗೆ ಉಣ್ಣೆಚೆಂಡು ಅಲ್ಲಿಗೇ ತೇಲುತ್ತಿತ್ತು. ಪ್ರತಿ ಸಲವೂ ಬ್ಯಾಟಿನ ತಂತಿಯ ಸದ್ದಾಗಿ ಬಲೆಯಾಚೆ ಹೋಗುತ್ತಿತ್ತು. ಪಕ್ಕದವರು ಓಡಿಬಂದು ಹೊಡೆದರೆಂದುಕೊಂಡೆ. ಒಮ್ಮೆ ಚೆಂಡು ನನ್ನ ಮಡಿಲಿಗೆ ಬಿತ್ತು. ಮೂರು ಗಂಟೆಯ ಬಿಸಿಲಿನಲ್ಲಿ ಅದು ಬಾವಿನೀರಿನಷ್ಟು ತಣ್ಣಗಿತ್ತು.

ಇಪ್ಪತ್ತೊಂಬತ್ತು ಅಂಕದ ಆಟವನ್ನು ಗೆದ್ದೆವು. ಅಂಪೈರರ ಎಣಿಕೆ ಇಪ್ಪತ್ತೊಂಬತ್ತು, ನಂಜಪ್ಪನದೂ ಅಷ್ಟೇ. ನನ್ನ ಪುಸ್ತಕದಲ್ಲಿ ನಾಲ್ವರ ಗೀಟು ಕೂಡಿಸಿದರೆ ಇಪ್ಪತ್ತಮೂರು.

"ನಾನೇ ತಪ್ಪಿದೆನೇನೋ," ಎಂದೆ.

"ಮೂವತ್ತೊಂದು ಪಂದ್ಯದಾಗೆ ಯಾವತ್ತಾರ ತಪ್ಪಿದ್ದೀಯಾ?" ಎಂದ ತಮ್ಮಯ್ಯ.

ತಪ್ಪಿರಲಿಲ್ಲ. ಮಿಕ್ಕ ಆರು ಅಂಕಕ್ಕೆ ಸರ್ವಿಸ್ ಮಾಡಿದ್ದು ತಾನೆಂದು ಆ ನಾಲ್ವರಲ್ಲಿ ಒಬ್ಬನೂ ಈವರೆಗೆ ಹೇಳಿಲ್ಲ.