ಕೊಕ್ಕರೆಯಾದ ಮೇಷ್ಟ್ರು

ಬಹಳ ಹಿಂದೆ, ನಮ್ಮ ನಿಮ್ಮ ಮುತ್ತಜ್ಜಿಯರ ಮುತ್ತಜ್ಜಿಯರೂ ಹುಟ್ಟದ ಕಾಲದಲ್ಲಿ, ಮಣಿಗಾವಿ ಅಂತ ಒಂದು ರಾಜ್ಯವಿತ್ತು. ಅಲ್ಲಿನ ರಾಜ ಮೃಗಾಂಕ ಒಳ್ಳೆಯವನೇ, ಆದರೆ ಹಿತ್ತಾಳೆ ಕಿವಿ. ಕಪಟಕೇತು ಎಂಬ ಮಾಟಗಾರ ನಾಲ್ಕು ಸವಿಮಾತಾಡಿ ವಿದ್ಯಾಮಂತ್ರಿಯಾದ, ಆಸ್ಥಾನದ ಕರಿಕಲ್ಲಿನ ಪೀಠದ ಮೇಲೆ ಕೂತುಬಿಟ್ಟ.

ಕೂತವನು ಸುಮ್ಮನಿದ್ದನೇ? ಹುಣ್ಣಿಮೆಗೊಂದು ಅಪ್ಪಣೆ, ಅಮಾವಾಸ್ಯೆಗೊಂದು ಅಪ್ಪಣೆ! ಅಕ್ಷರಗಳನ್ನು ಕೊನೆಯಿಂದ ಕಲಿಸಿ ಅಂದ. ಮಕ್ಕಳಿಗೆ ಅದು ರೂಢಿಯಾಗುವಷ್ಟರಲ್ಲಿ, ಊಹೂಂ, ನಡುವಿನಿಂದ ಕಲಿಸಿ ಅಂದ. ಮೇಷ್ಟ್ರುಗಳು ಊರಿನ ಕುರಿ ಎಣಿಸಬೇಕು, ಕಾಗೆ ಎಣಿಸಬೇಕು, ಬಿಡುವಾದರೆ ಪಾಠ ಮಾಡಬೇಕು ಅಂದ. ಬಿಡುವಂತೆ, ಮಣ್ಣಾಂಗಟ್ಟಿ! "ನಮ್ಮ ಮಕ್ಕಳೇನು ಇವನ ಕೈಯ ಬುಗುರಿಯೇ?" ಅಂತ ಜನ ಅರಳಿಕಟ್ಟೆಯಲ್ಲಿ ಹಲ್ಲು ಕಡಿದರು.

ಕೊನೆಗೆ ಕೆರೆಹಳ್ಳಿಯ ಗುರುಪಾದಯ್ಯ ಮೇಷ್ಟ್ರು ಆಸ್ಥಾನಕ್ಕೇ ಹೋದರು. "ಮಂತ್ರಿಗಳೇ, ಕಾಗೆ ಲೆಕ್ಕ ಮುಗಿಸಿ ಬರುವಷ್ಟರಲ್ಲಿ ನನ್ನ ಮಕ್ಕಳು ಮಗ್ಗಿ ಮರೆತಿದ್ದಾರೆ. ನಮ್ಮನ್ನು ಪಾಠ ಮಾಡಲು ಬಿಡಿ" ಅಂದರು. ರಾಜ ಅಲ್ಲಿಲ್ಲದ್ದು ನೋಡಿ ಕಪಟಕೇತು ಚಿಟಿಕೆ ಹೊಡೆದ. ಮೇಷ್ಟ್ರು ಕೊಕ್ಕರೆಯಾದರು. ಅವರ ಪರ ಮಾತಾಡಿದ ಮೇಷ್ಟ್ರುಗಳೆಲ್ಲ ಕೊಕ್ಕರೆಗಳಾದರು. ಅಮಾವಾಸ್ಯೆಯ ಹೊತ್ತು ಮುಳುಗುವುದರೊಳಗೆ ಬಂದು ತಲೆಬಾಗದಿದ್ದರೆ ಜನ್ಮವಿಡೀ ಕೊಕ್ಕರೆಗಳೇ ಅಂತ ಅವರಿಗೆ ಬೆದರಿಕೆ ಬೇರೆ! ಮೇಷ್ಟ್ರುಗಳು ಕೆಲಸ ಬಿಟ್ಟು ಓಡಿಹೋದರು ಅಂತ ರಾಜನಿಗೆ ಮಂಕುಬೂದಿ ಎರಚಿದ.

ಕೆರೆಹಳ್ಳಿಯಲ್ಲಿ ನೀಲವ್ವ ಅಂತ ಕುಂಬಾರರ ಹುಡುಗಿ. ಹೆಣ್ಣಿಗೇಕೆ ಓದು ಅಂದಿದ್ದ ಅವಳಪ್ಪನ ಜಗಲಿಯ ಮೇಲೆ ಗುರುಪಾದಯ್ಯ ಮೇಷ್ಟ್ರು ಹಸಿದು ಕೂತು, ಒಪ್ಪಿಸಿಯೇ ಎದ್ದಿದ್ದರು. ಒಂದು ಬೆಳಿಗ್ಗೆ ಶಾಲೆಯ ಅಂಗಳಕ್ಕೆ ಕೊಕ್ಕರೆಯೊಂದು ಬಂದು, ಮಕ್ಕಳು ತಿದ್ದುವ ಮರಳಿನ ಮೇಲೆ ಕೊಕ್ಕಿನಿಂದ ಬರೆಯಿತು: "ಅವನು ಉಣ್ಣುವುದೂ ಮಲಗುವುದೂ ಪೀಠದ ಮೇಲೆಯೇ. ಅವನ ಮಾಯೆಯೆಲ್ಲ ಅದರಲ್ಲಿದೆ. ಎದ್ದರೆ ಕೆಟ್ಟ."

ತನ್ನ ಬೆರಳು ಹಿಡಿದು ತಿದ್ದಿಸಿದವರ ಅಕ್ಷರ ನೀಲವ್ವನಿಗೆ ಗೊತ್ತಾಗದೇ? "ಅಳೋದು ಆಮೇಲೆ ಮೇಷ್ಟ್ರೇ. ಅವನನ್ನು ಎಬ್ಬಿಸದೆ ನಾನು ಊರಿಗೆ ಕಾಲಿಡೋದಿಲ್ಲ" ಅಂದವಳೇ ಕೊಕ್ಕರೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು.

ಕಾಡಿನ ದಾರಿಗೆ ಏಳು ಹೆಡೆಯ ಸರ್ಪ ಅಡ್ಡ ಬಂತು. ಒಂದು ಹೆಡೆ ಮುಂದೆ ಹೋಗು ಅಂತು, ಇನ್ನೊಂದು ಹಿಂದೆ ಹೋಗು ಅಂತು, ಮತ್ತೊಂದು ಅಲ್ಲೇ ನಿಲ್ಲು ಅಂತು. ನೀಲವ್ವ ಸೊಂಟಕ್ಕೆ ಕೈಯಿಟ್ಟಳು. "ಮೊದಲು ನೀವು ನೀವೇ ಒಂದು ಮಾತಿಗೆ ಬನ್ನಿ, ಆಮೇಲೆ ನನಗೆ ಹೇಳಿ." ಹೆಡೆಗಳು ತಮ್ಮತಮ್ಮಲ್ಲೇ ಕಚ್ಚಾಡತೊಡಗಿದವು. ಅವಳು ಬಾಲ ದಾಟಿ ಹೋದಳು.

ಹೊಳೆಯ ದಂಡೆಯಲ್ಲಿ ಭೂತವೊಂದು ಕೈ ಚಾಚಿ ನಿಂತಿತ್ತು. "ಇಲ್ಲಿನ ಮರಳೆಲ್ಲ ಎಣಿಸಿ ದಾಟು!"

"ಆಗಲಿ ಕಣಪ್ಪ. ಆದರೆ ನನ್ನ ಲೆಕ್ಕ ಸರಿಯೋ ತಪ್ಪೋ ಹೇಳೋರ್‍ಯಾರು? ನಿನ್ನ ಲೆಕ್ಕ ಎಷ್ಟು?"

ಭೂತ ತಲೆ ಕೆರೆದುಕೊಂಡಿತು. ಪಾಪ, ಅದನ್ನು ಯಾರೂ ಕೇಳಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ಎಣಿಸತೊಡಗಿತು. ನೀಲವ್ವ ಸೆರಗು ಕಟ್ಟಿ ಹೊಳೆ ದಾಟಿದಳು.

ಅವಳ ಛಲ ಕಂಡು ಆಚೆ ದಡದ ಊರೂರಿನ ಜನ ಅವಳ ಹಿಂದೆ ಹೊರಟರು. ಅಮಾವಾಸ್ಯೆಯ ಸಂಜೆ ಎಲ್ಲರೂ ಆಸ್ಥಾನಕ್ಕೆ ನುಗ್ಗಿದರು. ರಾಜ, ಮಂತ್ರಿಗಳು, ಸೇನಾಪತಿ ಎಲ್ಲರೂ ಕೂತಿದ್ದರು. ಕಪಟಕೇತುವೂ ಕೂತಿದ್ದ.

ನೀಲವ್ವ ಮೊದಲು ಬೇಡಿದಳು. ಆಮೇಲೆ ಬೈದಳು. ಆಮೇಲೆ ರಟ್ಟೆ ಹಿಡಿದು ಎಳೆದಳು. ಆಸಾಮಿ ಅಲುಗಲಿಲ್ಲ. "ಹೊತ್ತು ಮುಳುಗಲಿ ತಾಯಿ, ನಿನಗೂ ರೆಕ್ಕೆ ಬರುತ್ತವೆ" ಅಂತ ಅವಳಿಗಷ್ಟೇ ಕೇಳುವ ಹಾಗೆ ಉಸುರಿ ಕಿಸಕ್ಕನೆ ನಕ್ಕ.

ಅಷ್ಟರಲ್ಲಿ ಕೊಕ್ಕರೆ ಅವಳ ಕೈಯಿಂದ ಜಾರಿ ಬಾಗಿಲಾಚೆ ಹೋಯಿತು. ತಿರುಗಿ, ಕತ್ತೆತ್ತಿ, ಪಾಠಕ್ಕೆ ಬರುವ ಮೇಷ್ಟ್ರ ಹಾಗೇ ನಿಧಾನವಾಗಿ ಹೊಸ್ತಿಲು ದಾಟಿತು. ನೀಲವ್ವನಿಗೆ ಥಟ್ಟನೆ ಹೊಳೆಯಿತು. ಎದೆ ತುಂಬ ಉಸಿರೆಳೆದು ಕೂಗಿದಳು:

"ಏಯ್, ಮೇಷ್ಟ್ರು ಬಂದ್ರೋ!"

ರಾಜ ದಡಕ್ಕನೆ ಎದ್ದ. ಸೇನಾಪತಿ ಎದ್ದ. ಮಂತ್ರಿಗಳೆಲ್ಲ ಎದ್ದರು. ಕಪಟಕೇತುವಿಗೂ ಐದನೇ ವಯಸ್ಸಿನಲ್ಲಿ ಬೆರಳು ಹಿಡಿದು ತಿದ್ದಿಸಿದವರು ಯಾರೋ ಇದ್ದರಲ್ಲ! ಕೈ ಕಟ್ಟಿ, ತಲೆ ತಗ್ಗಿಸಿ, ಅವನೂ ಎದ್ದು ನಿಂತ. ತಾನು ಎದ್ದಿದ್ದೇನೆ ಅಂತ ಅವನಿಗೆ ತಿಳಿದದ್ದು ನಿಂತ ಮೇಲೆ.

ಪೀಠ ಸೀಳಿ ಎರಡಾಯಿತು. ಕೊಕ್ಕರೆ ನಿಂತಿದ್ದ ಜಾಗದಲ್ಲಿ ಗುರುಪಾದಯ್ಯ ಮೇಷ್ಟ್ರು ನಿಂತಿದ್ದರು. ರಾಜ್ಯದ ಕೆರೆಕುಂಟೆಗಳಿಂದ ಮೇಷ್ಟ್ರುಗಳು ಪಂಚೆ ಹಿಂಡಿಕೊಳ್ಳುತ್ತ ಮೇಲೆ ಬಂದರು. ನೀಲವ್ವ ಆಗ ಅತ್ತಳು, ಗೊಳೋ ಅಂತ.

ರಾಜ ನಾಚಿ ಕೈಮುಗಿದ. "ಗುರುಗಳೇ, ತಪ್ಪು ನನ್ನದೂ ಇದೆ. ಈ ನೀಚನಿಗೆ ಏನು ಶಿಕ್ಷೆ ಕೊಡಲಿ?"

"ಆನೆ ಕಾಲಿಗೆ ಕಟ್ಟಿ!" ಅಂತ ಜನ ಕೂಗಿದರು.

ಮೇಷ್ಟ್ರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಬೇಡ. ನಾಳೆ ನನ್ನ ಶಾಲೆಗೆ ಬರಲಿ, ಮಕ್ಕಳ ಜೊತೆ ನೆಲದ ಮೇಲೆ ಕೂರಲಿ. ಇನ್ನು ಮುಂದೆ ಮಂತ್ರಿ ಯಾರೇ ಆಗಲಿ ಪ್ರಭು, ಒಂದು ವರ್ಷ ಹಾಗೆ ಕೂತು ನೋಡಿದ ಮೇಲೆಯೇ ಶಾಲೆಗೆ ಅಪ್ಪಣೆ ಕೊಡಲಿ."

ರಾಜ ಅದನ್ನೇ ಶಾಸನವಾಗಿ ಕಲ್ಲಿನಲ್ಲಿ ಕೆತ್ತಿಸಿದ. ಮಾಟ ಕಳೆದುಕೊಂಡ ಕಪಟಕೇತು ಮಕ್ಕಳ ನಡುವೆ ಚಕ್ಕಂಬಕ್ಕಲ ಹಾಕಿ ಕೂತು, ಅಕ್ಷರಗಳನ್ನು ಮೊದಲಿಂದ ತಿದ್ದಿದ. ಮಣಿಗಾವಿಯ ಮೇಷ್ಟ್ರುಗಳು ಕಲಿಸಿದರು, ಮಕ್ಕಳು ಕಲಿತರು, ಕಾಗೆಗಳು ಲೆಕ್ಕವಿಲ್ಲದೆ ಹಾರಾಡಿದವು, ಎಲ್ಲರೂ ನೂರು ಕಾಲ ಸುಖವಾಗಿ ಬಾಳಿದರು.