ಉಪ್ಪು ಕೆರೆಯಲ್ಲಿ ಟಾಪ್ ಎಂಡ್

ಮೊದಲ ಗುಂಡು ನನ್ನ ಪಕ್ಕದ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು.

ಎರಡನೆಯದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಇಂಥದ್ದೆಲ್ಲ ಗೊತ್ತಾಗದಿರುವುದೇ ಒಳ್ಳೆಯದು.

"ತಲೆ ಬಗ್ಗಿಸಿ," ಎಂದಳು ಡಾರ್ಲಾ.

ಸ್ಟೀರಿಂಗ್ ಅವಳ ಕೈಯಲ್ಲಿತ್ತು. ಪಿಕಪ್ಪಿನ ಹಿಂದೆ ಟ್ರೇಲರ್. ಅದರೊಳಗೆ ಎರಡು ಕುದುರೆಗಳು ಗಾಬರಿಯಿಂದ ಕಾಲು ಬಡಿಯುತ್ತಿದ್ದವು. ಅದರ ಹಿಂದೆ, ದೂಳಿನ ಮೋಡದೊಳಗೆ, ಅವಳ ಗಂಡ.

"ನಿಮ್ಮ ಗಂಡನಿಗೆ ಗುರಿ ಇದೆಯಾ?" ಎಂದು ಕೇಳಿದೆ.

"ನನ್ನ ಮೂರನೇ ಕುದುರೆಗೆ ಒಂದೇ ಗುಂಡು ಸಾಕಾಯ್ತು. ಆದ್ರೆ ಅದನ್ನ ಕಟ್ಟಿಹಾಕಿದ್ದ."

ಸರಿ. ನಮ್ಮನ್ನು ಯಾರೂ ಕಟ್ಟಿಹಾಕಿರಲಿಲ್ಲ. ಸದ್ಯಕ್ಕೆ ಅಷ್ಟೇ ಸಮಾಧಾನ.

ಈ ಮಹಾನುಭಾವನ ಕೆಲಸ ನಾನು ಒಪ್ಪಿಕೊಂಡದ್ದು ಹಿಂದಿನ ದಿನ ಬೆಳಿಗ್ಗೆ. ಅದನ್ನು ಹೇಳಿಬಿಡುತ್ತೇನೆ, ಆಮೇಲೆ ಮತ್ತೆ ಈ ಗುಂಡುಗಳ ಹತ್ತಿರ ಬರೋಣ.

ನಾನು ಮೈತೆ ಉರ್ರುಟಿಯಾ. ಮೊದಲು ಶೆರಿಫ್ ಕಚೇರಿಯಲ್ಲಿ ಪೊಲೀಸ್ ಆಗಿದ್ದೆ. ಈಗ ಕಳೆದುಹೋದವರನ್ನು ಹುಡುಕುತ್ತೇನೆ. ಉತ್ತರ ನೆವಾಡದಲ್ಲಿ ಕಳೆದುಹೋಗುವುದಕ್ಕೆ ಜಾಗಕ್ಕೇನೂ ಬರವಿಲ್ಲ.

ಗ್ಯಾರಿಸನ್ ಪ್ರೂಯಿಟ್ ನಮ್ಮ ಊರಿನ ಪಿಕಪ್ ಡೀಲರ್. ತಲೆಯ ಮೇಲೆ ಮಳೆ ಕಾಣದ ಹ್ಯಾಟು, ಕಾಲಲ್ಲಿ ಸಗಣಿ ಕಾಣದ ಬೂಟು. ಕಾಫಿ ಕೊಟ್ಟ. ಕೂತುಕೋ ಅಂದ.

"ಹೆಂಡ್ತಿ ಮನೆ ಬಿಟ್ಟು ಹೋಗಿದಾಳೆ. ಕುದುರೆ, ಟ್ರೇಲರ್ ಹೋದ್ರೆ ಹೋಗ್ಲಿ, ಜೊತೆಗೆ ಒಂದು ಟ್ರಕ್ಕೂ ತಗೊಂಡೋಗಿದಾಳೆ."

"ನೋಡೋದಕ್ಕೆ ಹೇಗಿದಾರೆ?"

"ಯಾರು?"

"ನಿಮ್ಮ ಹೆಂಡ್ತಿ."

ಯೋಚಿಸಿದ. "ಕೂದಲು ಕಂದು... ಕಂದೇ ಇರಬೇಕು."

"ಟ್ರಕ್ಕು?"

ಅವನ ಮುಖ ಅರಳಿತು. "ಬಾ, ತೋರಿಸ್ತೀನಿ."

ಹೊರಗೆ ಬಿಸಿಲಿನಲ್ಲಿ ಮೂರು ಪಿಕಪ್‌ಗಳು ಸಾಲಾಗಿ ನಿಂತಿದ್ದವು. ಮೂರೂ ಹೆವಿ ಡ್ಯೂಟಿ, ಮೂರೂ ಆನೆಮರಿಗಳು. ಮೂರರ ಪಕ್ಕೆಗೂ 'ಆಫ್-ರೋಡ್' ಅಂತ ಸ್ಟಿಕ್ಕರು.

"ಇದು ಬೇಸ್ ಮಾಡೆಲ್," ಎಂದು ಮೊದಲನೆಯದಕ್ಕೆ ಕಾಲಿನಿಂದ ಒದ್ದ. "ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗೋ ಹಾಗೆ ಲಾಕ್ ಇದೆ. ಹೊಟ್ಟೆ ಕೆಳಗೆ ಉಕ್ಕಿನ ತಗಡು. ಅಷ್ಟೇ. ಸೀಟು ರೆಕ್ಸಿನ್ನು. ಗಣಿ ಕೂಲಿಗಳು ತಗೊಳ್ಳೋ ಮಾಲು."

"ಪಕ್ಕದ್ದು?"

"ಇದಕ್ಕೆ ಒಳ್ಳೇ ಶಾಕ್ ಅಬ್ಸಾರ್ಬರು. ಕಪ್ಪು ಗ್ರಿಲ್ಲು."

"ಕಪ್ಪು ಗ್ರಿಲ್ಲಿಂದ ಏನುಪಯೋಗ?"

"ಕಪ್ಪಗೆ ಕಾಣುತ್ತೆ."

ಮೂರನೆಯದರ ಮುಂದೆ ಬಂದಾಗ ಹ್ಯಾಟನ್ನೇ ತೆಗೆದ. ನಮ್ಮೂರಿನ ಗಂಡಸರು ಚರ್ಚಿನಲ್ಲೂ ಅಷ್ಟು ಭಕ್ತಿಯಿಂದ ತೆಗೆಯುವುದಿಲ್ಲ.

"ಟಾಪ್ ಎಂಡ್. ಟೈರ್ ನೋಡು. ಮುಂದೆ ವಿಂಚು, ಎಲ್ಲಿ ಸಿಕ್ಕಿಹಾಕೊಂಡ್ರೂ ಹಗ್ಗ ಕಟ್ಟಿ ತನ್ನನ್ನ ತಾನೇ ಎಳ್ಕೊಂಡು ಬರುತ್ತೆ. ಮೆತ್ತನೇ ಸ್ಪ್ರಿಂಗು. ಕಲ್ಲಿನ ಮೇಲೆ ಹೋದ್ರೂ ಹಾಸಿಗೆ ಮೇಲೆ ಹೋದಂಗೆ. ಸೀಟು ತೊಗಲಿಂದು, ಗುಂಡಿ ಒತ್ತಿದ್ರೆ ಬಿಸಿಯಾಗುತ್ತೆ. ನಂದೂ ಇದೇ."

"ಭಾರ ಎಷ್ಟು ಎಳೆಯುತ್ತೆ?"

ಕೆಮ್ಮಿದ. "ಬೇಸ್ ಮಾಡೆಲಿಗಿಂತ ಕಮ್ಮಿ. ಸ್ಪ್ರಿಂಗ್ ಮೆತ್ತಗಲ್ವಾ... ಆದ್ರೆ ನೋಡಮ್ಮ, ಇದನ್ನ ತಗೊಳ್ಳೋರು ಏನೂ ಎಳೆಯಲ್ಲ."

ಅದಂತೂ ನಿಜ. ನಮ್ಮೂರಿನಲ್ಲಿ ಅದನ್ನು ಕೊಂಡವರು ಒಬ್ಬ ಹಲ್ಲಿನ ಡಾಕ್ಟರು, ಇಬ್ಬರು ಕ್ಯಾಸಿನೊ ಮ್ಯಾನೇಜರುಗಳು. ಅವರು ಹತ್ತಿದ ಅತಿ ದೊಡ್ಡ ಗುಡ್ಡವೆಂದರೆ ಸೂಪರ್ ಮಾರ್ಕೆಟ್ಟಿನ ಮುಂದಿನ ರಸ್ತೆ ಉಬ್ಬು.

"ನಿಮ್ಮ ಹೆಂಡ್ತಿ ತಗೊಂಡೋಗಿರೋದು ಯಾವುದು?"

"ಬೇಸ್. ಎಲ್ಲಾದರ ಕೀನೂ ಅವಳ ಹತ್ರಾನೇ ಇತ್ತು. ಆರಿಸ್ಕೊಂಡಿದ್ದು ರೆಕ್ಸಿನ್ ಸೀಟು. ತಲೆ ಇದ್ದಿದ್ರೆ ಯಾಕೆ ಹಂಗೆ ಮಾಡೋಳು."

ಅವಳಿಗೆ ತಲೆ ಇದೆ ಅಂತ ನನಗೆ ಗೊತ್ತಾದದ್ದೇ ಆಗ. ಆ ಅಂಗಡಿ ಶುರು ಮಾಡಿದವನು ಡಾರ್ಲಾಳ ಅಪ್ಪ. ಅವಳು ಚಿಕ್ಕಂದಿನಿಂದ ಅಲ್ಲೇ ಬೆಳೆದವಳು. ಕುದುರೆಗಳೂ ಟ್ರೇಲರೂ ಕಾಣೆಯಾಗಿದ್ದವು ಎಂದರೆ ಅವಳಿಗೆ ಎಳೆಯುವ ಗಾಡಿ ಬೇಕಿತ್ತು. ಹೆದ್ದಾರಿ ಹಿಡಿಯುವವಳಾಗಿದ್ದರೆ ಉಕ್ಕಿನ ತಗಡು ಬೇಕಿರಲಿಲ್ಲ, ಲಾಕೂ ಬೇಕಿರಲಿಲ್ಲ. ಭಾರವನ್ನೂ ಎಳೆಯಬೇಕು, ಕಲ್ಲನ್ನೂ ಹತ್ತಬೇಕು... ಅಂಥ ದಾರಿಯ ಕೊನೆಯಲ್ಲಿ ನೀರೂ ಇರುವ ಜಾಗ ನಮ್ಮ ಕಡೆ ಒಂದೇ. ಉಪ್ಪು ಕೆರೆಯ ಆಚೆಯ ಹಳೇ ಬೆಳ್ಳಿ ಗಣಿ.

ಮಾರನೇ ದಿನ ನನ್ನ ಹಳೇ ಕಾರಿನಲ್ಲಿ ಟ್ರೇಲರ್ ತಿರುಗಲಾರದಷ್ಟು ಇಕ್ಕಟ್ಟಾದ ಮೇಲಿನ ಗುಡ್ಡದ ದಾರಿ ಹಿಡಿದು ಏದುಸಿರು ಬಿಡುತ್ತ ಅಲ್ಲಿಗೆ ತಲುಪಿದೆ. ಗಣಿಯ ಹಳೇ ಗುಡಿಸಲಿನ ಬಾಗಿಲಲ್ಲಿ ಡಾರ್ಲಾ ಶಾಟ್‌ಗನ್ ಹಿಡಿದು ನಿಂತಿದ್ದಳು. ಎಡಗೈಗೆ ಪ್ಲಾಸ್ಟರು.

"ಅವನು ಕಳಿಸಿದ್ನಾ?"

"ಹೌದು."

"ಕೈ ಹೇಗೆ ಮುರೀತು ಅಂತ ಹೇಳಿದ್ನಾ?"

"ಇಲ್ಲ. ಟೈರಿನ ಅಳತೆ ಹೇಳಿದ."

ಅವಳಿಗೆ ನಗು ಬಂತು. ನಗಬಾರದು ಅಂತ ತಡೆದುಕೊಂಡಳು, ಆಗಲಿಲ್ಲ. ಕೋವಿ ಕೆಳಗಿಳಿಯಿತು.

ಅವನು ಕುದುರೆಯನ್ನು ಕೊಂದದ್ದನ್ನು ಆಗ ಹೇಳಿದಳು. ಊಟ ತಡವಾಗಿದ್ದಕ್ಕೆ. ಅಡ್ಡ ಹೋದಾಗ ಕೈ ಮುರಿದದ್ದು. ಅಳಲಿಲ್ಲ. ಹೇಳುತ್ತಲೇ ಕುದುರೆಗಳಿಗೆ ಹುಲ್ಲು ಹಾಕುತ್ತಿದ್ದಳು.

"ನೀವು ನನಗೆ ಸಿಗಲಿಲ್ಲ," ಎಂದೆ. "ಹಾಗಂತ ಹೋಗಿ ಹೇಳ್ತೀನಿ."

"ಹೇಳೋ ಅಗತ್ಯ ಇಲ್ಲ," ಎಂದು ನನ್ನ ಹೆಗಲ ಮೇಲಿಂದ ಆಚೆ ನೋಡಿದಳು.

ಗುಡ್ಡದ ದಾರಿಯಲ್ಲಿ ದೂಳು ಏಳುತ್ತಿತ್ತು.

ಹಿಂದಿನ ದಿನ ಗ್ಯಾರಿಸನ್‌ನ ಅಂಗಡಿಯಲ್ಲಿ ನಾನು ಕಾಫಿ ಕುಡಿಯುತ್ತಿದ್ದಾಗ ಯಾರೋ ನನ್ನ ಕಾರಿನ ಕೆಳಗೆ ಟ್ರ್ಯಾಕರ್ ಅಂಟಿಸಿದ್ದರು. ಆ ಕಾಫಿಯೂ ಚೆನ್ನಾಗಿರಲಿಲ್ಲ.

ಕುದುರೆಗಳನ್ನು ಹತ್ತಿಸಿ ಟ್ರೇಲರಿನ ಬಾಗಿಲು ಹಾಕುವಷ್ಟರಲ್ಲಿ ಗ್ಯಾರಿಸನ್ ತನ್ನ ಟಾಪ್ ಎಂಡ್‌ನಲ್ಲಿ ಬಂದೇಬಿಟ್ಟ. ಅಂಗಳಕ್ಕೆ ನುಗ್ಗಿದವನು ನನ್ನ ಕಾರನ್ನು ಬಂಪರಿನಿಂದ ತಳ್ಳಿ ಹಳ್ಳಕ್ಕೆ ಉರುಳಿಸಿದ. ಆ ಕಾರು ನನ್ನ ಜೊತೆ ಎರಡು ಮದುವೆ ನೋಡಿತ್ತು. ನಾನು ಡಾರ್ಲಾಳ ಪಕ್ಕಕ್ಕೆ ಹಾರಿ ಕೂತೆ. ಇಬ್ಬರೂ ಕೆರೆಯ ಕಡೆಯ ದಾರಿಗೆ ಇಳಿದೆವು.

ಗುಂಡು ಶುರುವಾದದ್ದು ಆಮೇಲೆ.

ಉಪ್ಪು ಕೆರೆಯಲ್ಲಿ ನೀರು ಕಾಣುವುದಿಲ್ಲ. ಕಾಣುವುದು ಮೈಲಿಗಟ್ಟಲೆ ಬೆಳ್ಳನೆಯ ಬಯಲು, ಮೇಜಿನ ಹಾಗೆ ಸಮ. ದಾರಿ ಅದರ ಅಂಚಿನಲ್ಲೇ ಪೊದೆಗಳ ನಡುವೆ ಬಿಲ್ಲಿನ ಹಾಗೆ ಸುತ್ತಿಕೊಂಡು ಹೋಗುತ್ತದೆ. ಬರೀ ಕಲ್ಲು. ಪಿಕಪ್ಪಿನ ಹೊಟ್ಟೆಯ ತಗಡು ಕಿರುಚುತ್ತಿತ್ತು. ಏರಿನಲ್ಲಿ ಒಂದು ಚಕ್ರ ಗಾಳಿಗೆ ಎದ್ದಿತು. ಡಾರ್ಲಾ ಲಾಕ್ ಒತ್ತಿದಳು. ಗಾಡಿ ಗೊಣಗಿಕೊಂಡು ಹತ್ತಿತು.

"ಸ್ವಲ್ಪ ಬೇಗ ಹೋಗಬಹುದಾ?"

"ಕುದುರೆ ಕಾಲು ಮುರಿಯುತ್ತೆ."

"ನಮ್ಮ ತಲೆ?"

"ಬಗ್ಗಿಸಿ ಅಂದೆನಲ್ಲ."

ಹಿಂದೆ ತಿರುಗಿ ನೋಡಿದೆ. ಅವನು ಗಾಡಿ ನಿಲ್ಲಿಸಿದ್ದ. ಕಿಟಕಿಯಿಂದ ತಲೆ ಹೊರಹಾಕಿ ಬಯಲನ್ನು ನೋಡುತ್ತಿದ್ದ. ನಾವು ಸುತ್ತಿ ಹೋಗಬೇಕಾದ ಜಾಗಕ್ಕೆ ಅವನು ನೇರ ಅಡ್ಡ ಹಾಯ್ದರೆ ನಮಗಿಂತ ಮೊದಲೇ ತಲುಪುತ್ತಾನೆ. ತಲುಪಿ, ದಾರಿಗೆ ಅಡ್ಡ ನಿಂತು, ಆರಾಮಾಗಿ ಗುರಿ ಇಡುತ್ತಾನೆ.

ಬಯಲಿಗೆ ಇಳಿದ.

ನಾನು ಸೀಟಿನಲ್ಲಿ ಇನ್ನಷ್ಟು ಕೆಳಗೆ ಜಾರಿದೆ. ಡಾರ್ಲಾ ಮಾತ್ರ ಗೇರ್ ಕಡಿಮೆ ಮಾಡಿದಳು.

"ಪರ್ವತದ ಹಿಮ ಯಾವಾಗ ಕರಗಿದ್ದು?" ಎಂದಳು.

"ಹೋದ ವಾರ..."

ಅರ್ಥವಾಯಿತು. ಮೇಲೆ ಬಿಸ್ಕತ್ತಿನಂಥ ಒಣ ಪದರ. ಕೆಳಗೆ ಗ್ರೀಸಿನಂಥ ಕೆಸರು.

ಅರ್ಧದವರೆಗೂ ಅವನು ಹಾರಿಕೊಂಡೇ ಹೋದ. ನೋಡಲು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಮೂತಿ ತಗ್ಗಿತು. ಆ ಡೀಸೆಲ್ ಎಂಜಿನ್ನೇ ಒಂದು ಎಮ್ಮೆಯ ತೂಕ. ಅವನು ಆಕ್ಸಿಲರೇಟರ್ ಒತ್ತಿದ. ನಾಲ್ಕೂ ಚಕ್ರ ಬೂದು ಕೆಸರನ್ನು ಆಕಾಶಕ್ಕೆ ಎರಚಿದವು. ಒತ್ತಿದಷ್ಟೂ ಗಾಡಿ ಕೂತಿತು. ಬಾಗಿಲ ಹಿಡಿಯ ತನಕ ಕೂತು ನಿಂತಿತು.

ಕಿಟಕಿಯಿಂದ ಇಳಿದ. ವಿಂಚಿನ ಹಗ್ಗ ಬಿಚ್ಚಿ ಕೊಕ್ಕೆ ಹಿಡಿದು ನಡೆದ, ಮೊಣಕಾಲಿನ ತನಕ ಹೂತುಕೊಂಡು. ಹಗ್ಗ ಮುಗಿಯಿತು. ಸುತ್ತ ಒಂದು ಮರವಿಲ್ಲ, ಒಂದು ಕಲ್ಲಿಲ್ಲ. ಕೊಕ್ಕೆ ಹಿಡಿದು ಅಲ್ಲೇ ನಿಂತ.

ಡಾರ್ಲಾ ಗಾಡಿ ನಿಲ್ಲಿಸಿದಳು. ಅವನ ರೈಫಲ್ ಗಾಡಿಯಲ್ಲೇ ಉಳಿದಿತ್ತು.

"ಡಾರ್ಲಾ," ಎಂದು ಕೂಗಿದ. ಬಯಲಿನಲ್ಲಿ ದನಿ ಸ್ಪಷ್ಟವಾಗಿ ಬಂತು. "ಬಂದು ಎಳಿ ಕಣೇ. ಮನೇಲಿ ಮಾತಾಡೋಣ."

ಅವಳು ಅವನ ಕಡೆ ಒಮ್ಮೆ ನೋಡಿದಳು. ಇಳಿದು ಹೋಗಿ ಟ್ರೇಲರಿನ ಕಿಂಡಿಯಿಂದ ಎರಡೂ ಕುದುರೆಗಳ ಮೂತಿ ಸವರಿದಳು. ಮತ್ತೆ ಹತ್ತಿ ಕೂತು ಗಾಡಿ ಬಿಟ್ಟಳು.

ಗುಡ್ಡದ ನೆತ್ತಿಯಲ್ಲಿ ಫೋನಿಗೆ ಸಿಗ್ನಲ್ ಸಿಕ್ಕಿತು. ಶೆರಿಫ್ ಕಚೇರಿಯ ಡೆಪ್ಯುಟಿ ವೆಂಡಲ್ ಜನರನ್ನು ಕರೆದುಕೊಂಡು ಬಂದ. ಹಲಗೆ ಹಾಸಿ ಗ್ಯಾರಿಸನ್‌ನನ್ನು ಎಳೆದು ತಂದರು. ಸೊಂಟದ ತನಕ ಬೂದು ಕೆಸರು, ಹ್ಯಾಟಿಲ್ಲ, ಹಲ್ಲು ಕಟಕಟ.

"ಅವಳು ನನ್ನ ಟ್ರಕ್ ಕದ್ದಿದಾಳೆ," ಎಂದ. "ಮೊದಲು ಅವಳನ್ನ ಹಿಡೀರಿ."

"ಅಂಗಡಿಯ ಅರ್ಧ ಅವರದ್ದು, ಗ್ಯಾರಿಸನ್," ಎಂದ ವೆಂಡಲ್ ಬೇಡಿ ಹಾಕುತ್ತ. "ನೀನು ಗುಂಡು ಹೊಡೆದದ್ದರ ಬಗ್ಗೆ ಮಾತಾಡೋಣ. ಕುದುರೆಯಿಂದ ಶುರು ಮಾಡು."

ಡಾರ್ಲಾ ಕುದುರೆಗಳಿಗೆ ನೀರು ಕುಡಿಸುತ್ತಿದ್ದಳು. ಒಮ್ಮೆಯೂ ತಿರುಗಿ ನೋಡಲಿಲ್ಲ.

ವೆಂಡಲ್ ನನ್ನ ಹೇಳಿಕೆ ಬರೆದುಕೊಂಡ. ಆದರೆ ಕಣ್ಣು ಪದೇ ಪದೇ ಬಯಲಿಗೆ ಹೋಗುತ್ತಿತ್ತು. ಅಲ್ಲಿ ಈಗ ಕಾಣುತ್ತಿದ್ದದ್ದು ಬರೀ ಛಾವಣಿ. ಕೊನೆಗೆ ತಡೆಯಲಾರದೆ ನನ್ನ ಪಕ್ಕಕ್ಕೆ ಸರಿದ.

"ಮೈತೆ, ನಾನೂ ಒಂದು ತಗೋಬೇಕು ಅಂತಿದೀನಿ. ಟಾಪ್ ಎಂಡ್‌ಗೂ ಬೇಸ್‌ಗೂ ನಿಜವಾಗ್ಲೂ ಏನು ವ್ಯತ್ಯಾಸ?"

"ಎರಡೂ ಮುಳುಗುತ್ತವೆ," ಎಂದೆ. "ಟಾಪ್ ಎಂಡ್‌ನಲ್ಲಿ ಮುಳುಗೋವಾಗ ಕುಂಡಿ ಬೆಚ್ಚಗಿರುತ್ತೆ."